ಹಸಿದ ದೆವ್ವದ ಕಡಲೆಬೀಜ

“ಯುದ್ಧದಲ್ಲಿ ಊರಿಗೆ ಮುತ್ತಿಗೆ ಹಾಕಿದಾಗ ಹಸಿವಿನಿಂದ ಸತ್ತ ಸಿಪಾಯಿಯ ದೆವ್ವ ಇವತ್ತಿಗೂ ಈ ಬಂಗಲೆ ನೆಲಮಾಳಿಗೇಲಿ ನರಳುತ್ತೆ. ಕಿವಿಗೊಟ್ಟು ಕೇಳಿ,” ಎಂದು ಗೈಡು ಉಸಿರು ಬಿಗಿಹಿಡಿದ.

ಪ್ರವಾಸಿಗರೂ ಬಿಗಿಹಿಡಿದರು. ಮುರಿದ ಗೋಡೆಯ ಆಚೆಯಿಂದ ಬಂದದ್ದು ನರಳಾಟವಲ್ಲ. ಕರುಂ, ಕುರುಂ. ಯಾರೋ ಹುರಿದ ಕಡಲೆಬೀಜ ಜಗಿಯುತ್ತಿದ್ದರು.

ಗೈಡಿನ ಜೀವ ಬಾಯಿಗೆ ಬಂತು. ಗೋಡೆಯ ಹಿಂದಿದ್ದದ್ದು ಅವನಿಗೆ ಹೆಣ್ಣು ಕೊಟ್ಟ ಮಾವ. ಯುದ್ಧ ಮುಗಿದು ಬಂಗಲೆ ಪಾಳುಬಿದ್ದು ಯಾವ ಕಾಲವಾಯಿತೋ, ಅಳಿಯ-ಮಾವನ ಹೊಟ್ಟೆ ಹೊರೆಯುತ್ತಿದ್ದುದು ಮಾತ್ರ ಆ ಸತ್ತ ಸಿಪಾಯಿಯೇ. ಮಾವನಿಗಿದ್ದ ಕೆಲಸ ನರಳುವುದೊಂದೇ. ಅದಕ್ಕೂ ಆ ಪುಣ್ಯಾತ್ಮನ ಬಾಯಿಗೆ ಬಿಡುವಿಲ್ಲ! ಯಾರಾದರೂ ದೂರು ಕೊಟ್ಟರೆ ಇಬ್ಬರ ಅನ್ನಕ್ಕೂ ಕಲ್ಲು.

“ಪಾಪ, ಹಸಿದ ದೆವ್ವ, ಎಲುಬು ಕಡೀತಿದೆ,” ಎಂದು ಗೈಡು ತೇಪೆ ಹಚ್ಚಿದ. ಎಲ್ಲರೂ ಗೊಳ್ಳೆಂದು ನಕ್ಕು ಮೆಟ್ಟಿಲು ಹತ್ತಿದರು. ಒಬ್ಬ ಅಜ್ಜಿ ಮಾತ್ರ ಕೋಲೂರಿಕೊಂಡು ನೇರವಾಗಿ ಗೋಡೆಯ ಹಿಂದೆ ಹೋದರು. ಗೈಡು ಬೆನ್ನಟ್ಟಿ ಓಡಿದ. ಮಾವ ಸ್ಟೂಲಿನ ಮೇಲೆ, ತೊಡೆಯಲ್ಲಿ ಪೊಟ್ಟಣ ಇಟ್ಟುಕೊಂಡು, ತುಂಬಿದ ಬಾಯಲ್ಲೇ ಪಿಳಿಪಿಳಿ ನೋಡುತ್ತಿದ್ದರು.

“ಅಜ್ಜಿ, ದಮ್ಮಯ್ಯ, ಆಫೀಸಲ್ಲಿ ಹೇಳಬೇಡಿ. ಹೊಟ್ಟೆಪಾಡು.”

“ಹೇಳಲ್ಲ ಬಿಡು. ಆದ್ರೆ ನೀನು ನರಳಿಸೋದೇ ತಪ್ಪು ಕಣಪ್ಪಾ. ಮುತ್ತಿಗೆ ಆದಾಗ ಊರಿನೋರ ಜೊತೆ ನಾನೂ ಇಲ್ಲೇ ಅಡಗಿದ್ದೆ, ಹಾಲುಹಲ್ಲು ಬೀಳೋ ವಯಸ್ಸು. ಯಾರೂ ನರಳ್ತಿರಲಿಲ್ಲ. ನರಳೋಕೂ ತ್ರಾಣ ಬೇಕಲ್ಲ!”

ಅಜ್ಜಿ ಪೊಟ್ಟಣಕ್ಕೆ ಕೈಹಾಕಿ ಒಂದು ಬೀಜ ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತರು. ದವಡೆ ಆಡಲೇ ಇಲ್ಲ.

“ಹಲ್ಲಿಲ್ವೇನಮ್ಮಾ?” ಎಂದರು ಮಾವ.

“ಎಲ್ಲಾ ಗಟ್ಟಿಯಾಗೇ ಇವೆ. ಇದು ನಮ್ಮಮ್ಮ ಕಲಿಸಿದ್ದು. ಕತ್ತಲಲ್ಲಿ ನನ್ನ ಬಾಯಿಗೆ ಒಂದು ಕಾಳು ಹಾಕಿ, ‘ಅಗೀಬೇಡ, ನೆನೆಸಿ ನುಂಗು’ ಅನ್ನೋಳು. ನನ್ನ ಮಗ್ಗುಲಲ್ಲೇ ಪಕ್ಕದ ಮನೆ ಹುಡುಗಿ ಮಲಗಿರ್ತಿದ್ಲು. ಅವಳಿಗೆ ಕೇಳಿಸಬಾರದಲ್ಲ.”

ಮಾವನ ಬಾಯಿ ಅಲ್ಲೇ ನಿಂತಿತು. ಗೈಡು ತಡೆಯಲಾರದೆ ಕೇಳಿದ: “ಆಮೇಲೆ ಆ ಹುಡುಗಿ ಏನಾದ್ಲು?”

ಅಜ್ಜಿ ಬೀಜ ನುಂಗಿದರು. “ದಿನಾ ಅವಳ ಕಥೇನೇ ತಾನೇ ನೀನು ಹೇಳೋದು? ಸಿಪಾಯಿ ವೇಷ ಹಾಕ್ಸಿದ್ದೀಯ, ಅಷ್ಟೆ.”