ಅಂಕಯ್ಯನ ಲೇಬರ್ ಚಾರ್ಜು

"ಸಾವಿರದಿನ್ನೂರಾ? ಬರೀ ಕೆಸರು ತೆಗ್ದಿದ್ಕೆ?"

ಶಾಂತಲಾಳ ದನಿಗೆ ಸರಗೂರಿನ ಆ ಬೀದಿಯ ಅರ್ಧ ಅಂಗಡಿಗಳು ತಿರುಗಿ ನೋಡಿದವು. ಮೆಕ್ಯಾನಿಕ್ ಅಂಕಯ್ಯ ಮಾತ್ರ ತಿರುಗಲಿಲ್ಲ. ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಅವಳ ದೋಣಿಯ ಇಂಜಿನ್ನು ನೀರು ತುಂಬಿದ ನೀಲಿ ಡ್ರಮ್ಮಿನಲ್ಲಿ ಕಾಲು ಇಳಿಬಿಟ್ಟುಕೊಂಡು ಹದವಾಗಿ ಗುಡುಗುಡಿಸುತ್ತಿತ್ತು. ಅದನ್ನು ಆರಿಸಿ, ಬಿಚ್ಚಿದ ಹಳೇ ಸಾಮಾನನ್ನೆಲ್ಲ ಪೇಪರಿನ ಮೇಲೆ ಹರಡಿದ. ಕೂಲಿ ಕೊಡುವವರು ಕಣ್ಣಾರೆ ನೋಡಿ ಕೊಡಬೇಕು ಎನ್ನುವುದು ಅವನ ಅಂಗಡಿಯ ಪದ್ಧತಿ. ಸವೆದ ರಬ್ಬರ್ ಚಕ್ರ, ಕೊಳೆತ ವಾಷರು. ಮಿಕ್ಕಿದ್ದೆಲ್ಲ ಇಂಜಿನ್ನು ನೀರಿನ ಜೊತೆ ಎಳೆದುಕೊಂಡಿದ್ದ ಕೆಸರು.

"ಮೊದ್ಲೇ ಹೇಳಿದ್ರೆ ಹುಣಸೂರಿಗೆ ಒಯ್ತಿದ್ದೆ ಕಣಣ್ಣ."

"ಕೋಳಿ ಕೇಳಿ ಮಸಾಲೆ ಅರೀತಾರೇನವ್ವ?" ಅಂಕಯ್ಯ ನಕ್ಕ. "ಅದಿರ್ಲಿ, ಇಷ್ಟು ಕೆಸರು ಎಲ್ಲಿಂದ ತುಂಬ್ಕೊಂಡ್ ಬಂದೆ? ದೋಣಿ ಓಡಿಸ್ದ್ಯಾ, ಗದ್ದೆ ಉತ್ತ್ಯಾ?"

"ಎಲ್ಲೂ ಮೀನು ಬೀಳ್ನಿಲ್ಲ ಅಂತ ಆಚೆ ತಿರುವಿಗೆ ಹೋಗಿದ್ದೆ. ನೀರು ಇಳ್ದು ಹಳೇ ಊರು ಎದ್ದದೆ ಅಲ್ಲಿ. ಬಾವಿಕಟ್ಟೆ, ಬೇವಿನಮರದ ಬುಡ, ಅದ್ರ ಪಕ್ಕದ ಮನೇಲಿ ಒಲೆ ತಾವ ಒರಳುಕಲ್ಲು ಕೂಡ ಅಂಗೇ ಕುಂತದೆ. ಅಂಚು ಒಸಿ ಮುಕ್ಕಾಗದೆ, ಅಷ್ಟೇಯ."

ಬಟ್ಟೆಯಲ್ಲಿ ಎಣ್ಣೆ ಒರೆಸುತ್ತಿದ್ದ ಅಂಕಯ್ಯನ ಕೈ ನಿಂತುಹೋಯಿತು. "ಮುಕ್ಕು ಬಾಗಿಲ ಕಡೀಕಾ, ಒಲೆ ಕಡೀಕಾ?"

"ಒಲೆ ಕಡೀಕೆ. ಯಾಕಣ್ಣ?"

ಅಂಕಯ್ಯ ಅಂಗಡಿ ಬಾಗಿಲಿಗೆ ಒತ್ತು ಕೊಟ್ಟಿದ್ದ ಗುಂಡುಕಲ್ಲನ್ನು ನೋಡಿದ. ಅಣೆಕಟ್ಟೆಯ ನೀರು ಊರಿಗೆ ನುಗ್ಗುವ ಹೊತ್ತಿಗೆ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಗಾಡಿಗೆ ಎಲ್ಲ ಹೇರಿದರೂ ನೆಲಕ್ಕೆ ಹೂತಿದ್ದ ಒರಳು ಮೇಲೇಳಲಿಲ್ಲ. ನಾಳೆ ಬಂದು ಅಗೆದು ಒಯ್ದರಾಯಿತು ಎಂದು ಅವನ ಅವ್ವ ರಾಚಮ್ಮ ಅದರ ಗುಂಡನ್ನಷ್ಟೇ ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಆ ನಾಳೆ ಬರಲೇ ಇಲ್ಲ. ಆಮೇಲೆ ಅವಳು ಬದುಕಿದಷ್ಟು ದಿನವೂ ಬೇರೆ ಒರಳಲ್ಲಿ ಅರೆದ ಚಟ್ನಿಗೆಲ್ಲ ಒಂದೇ ಮಾತು: "ರುಚಿ ಅಲ್ಲೇ ಉಳ್ಕತು." ಜೊತೆಗೆ ಮಗನಿಗೊಂದು ಕಟ್ಟಪ್ಪಣೆ: "ನಮ್ಮ ಒಲೆ ಮ್ಯಾಲೆ ಮಾತ್ರ ದೋಣಿ ಓಡಿಸ್ಬ್ಯಾಡ ಕಣ್ಲಾ."

ಒಲೆ ದಾಟುವುದು ಅಪಚಾರವೆಂದು ಅವ್ವ ಬೆಳೆಸಿದ ಮಗ ಅವನು. ನೀರಿನಡಿ ಒಲೆ ಯಾವ ಜಾಗದಲ್ಲಿದೆಯೆಂದು ಕಾಣುವುದು ಹೇಗೆ? ಅದಕ್ಕೇ ಅಂಕಯ್ಯ ಹಿನ್ನೀರಿನ ದೋಣಿ ಹತ್ತಿದವನೇ ಅಲ್ಲ. ಎಂಥ ಇಂಜಿನ್ನಾದರೂ ಡ್ರಮ್ಮಿನಲ್ಲೇ ಓಡಿಸಿ ನೋಡಿ ಕಳಿಸುತ್ತಿದ್ದ. ಊರವರು 'ಡ್ರಮ್ಮಂಕಯ್ಯ' ಎಂದು ಆಡಿಕೊಂಡರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಾಗಂತ ಆ ಊರು ನೋಡುವ ಆಸೆ ಇರಲಿಲ್ಲವೆಂದಲ್ಲ. ಜೀವ ಹಿಂಡುವಷ್ಟು ಇತ್ತು.

"ಲೇಬರ್ ಬ್ಯಾಡ ಬುಡವ್ವ. ನನ್ನ ಅಲ್ಲೀಗಂಟ ಕರ್ಕೊಂಡೋಗು."

ಶಾಂತಲಾ ಕಣ್ಣು ಕಿರಿದು ಮಾಡಿದಳು. "ವಯನಾಡಲ್ಲಿ ಮಳೆ ಹಿಡ್ದದೆ, ನೀರು ಏರ್ತಾ ಅದೆ. ಹೋದ್ರೆ ಈವತ್ತೇ. ಆಮೇಕೆ ಮಾತು ತಿರುಗಿಸಂಗಿಲ್ಲ ಮತ್ತೆ!"

"ತಿರುಗ್ಸಕಿಲ್ಲ."

ಮಡಿಲಲ್ಲಿ ಗುಂಡುಕಲ್ಲು ಇಟ್ಟುಕೊಂಡು ಅಂಕಯ್ಯ ದೋಣಿಯಲ್ಲಿ ಮುದುರಿ ಕೂತ. ತಾನೇ ಸರಿಮಾಡಿದ ಇಂಜಿನ್ನು ನೀರಿನ ಮೇಲೆ ಓಡುವುದನ್ನು ಮೊದಲ ಸಲ ಕೇಳುತ್ತಿದ್ದರೂ ಅವನ ಗಮನ ಅತ್ತ ಇರಲಿಲ್ಲ. ತಿರುವು ಬರುತ್ತಲೇ, "ಆರ್ಸವ್ವ," ಅಂದ.

"ಇನ್ನೂ ದೂರ ಅದೆ."

"ಮುಂದಕ್ಕೆ ನಮ್ಮನೆ ಅದೆ. ಒಲೆ ಮ್ಯಾಲೆ ಓಡಿಸ್ಬ್ಯಾಡ ಅಂದಿದ್ಲು ನಮ್ಮವ್ವ."

ಶಾಂತಲಾ ಅವನ ಮುಖ ನೋಡಿದಳು. ಇಂಜಿನ್ನು ಆರಿಸಿ, ದೋಣಿಯನ್ನು ಅಲ್ಲೇ ನಿಲ್ಲಿಸಿದಳು. ಅಂಕಯ್ಯ ಸೊಂಟಮಟ್ಟದ ನೀರಿಗಿಳಿದು, ಬೇವಿನ ಬುಡದ ಗುರುತು ಹಿಡಿದು ನಡೆದ. ಒರಳು ಆಗಲೇ ಮುಳುಗಿತ್ತು. ಕಾಲಲ್ಲಿ ತಡಕುವ ಹಾಗಿಲ್ಲ, ಅನ್ನ ಕೊಟ್ಟ ಕಲ್ಲು. ಗುಂಡನ್ನು ಮನೆಯ ಮುರಿದ ಗೋಡೆಯ ಮೇಲಿಟ್ಟು, ಗಲ್ಲ ನೀರಿಗೆ ತಾಗುವಷ್ಟು ಬಗ್ಗಿ ಕೈಯಲ್ಲೇ ಹುಡುಕಿದ. ಹೆಬ್ಬೆರಳಿಗೆ ಮುಕ್ಕು ಸಿಕ್ಕಿತು. ಒರಳಿನಲ್ಲಿ ತುಂಬಿದ್ದ ಕೆಸರನ್ನು ಬೊಗಸೆ ಬೊಗಸೆಯಾಗಿ ತೆಗೆದು ಗುಂಡನ್ನು ಇಳಿಸಿದ. ಅದು ನಿನ್ನೆಯಷ್ಟೇ ಎತ್ತಿಟ್ಟ ಹಾಗೆ ಸರಿಯಾಗಿ ಕೂತಿತು. ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದ. ನೀರಿನಡಿಯಿಂದ ಕಲ್ಲಿಗೆ ಕಲ್ಲು ಉಜ್ಜಿದ್ದು ಅಂಗೈಗೆ ಕೇಳಿಸಿತು. "ಅವ್ವಾ," ಎಂದು ಆ ವಯಸ್ಸಿನಲ್ಲೂ ನಾಚಿಕೆಯಿಲ್ಲದೆ ಅತ್ತ.

ಬರಿಗೈಯಲ್ಲಿ ವಾಪಸ್ಸು ಬಂದು ದೋಣಿ ಹತ್ತಿದ. ಶಾಂತಲಾ ಮೀನಿನ ಬಲೆಯಡಿ ಬಿದ್ದಿದ್ದ ಹುಟ್ಟು ಎಳೆದು ನೀರಿಗೆ ಹಾಕಿದಳು. ದೋಣಿ ಮುಳುಗಿದ ಊರಿನ ಮೇಲೆ ಮೆಲ್ಲಗೆ ಸರಿಯಿತು. ಅವಳ ಕುತ್ತಿಗೆಯ ಮೇಲೆ ಬೆವರು ಇಳಿಯತೊಡಗಿದ್ದನ್ನು ಕಂಡು ಅಂಕಯ್ಯನಿಗೆ ಕಸಿವಿಸಿಯಾಯಿತು.

"ಯಾಕವ್ವ ರಟ್ಟೆ ನೋಯಿಸ್ಕೊತಿಯ? ಇಂಜಿನ್ ಹಾಕು. ನಮ್ಮನೆ ಆಗ್ಲೇ ಹಿಂದಾಯ್ತು."

"ನಿಮ್ಮನೆ ಹಿಂದಾಯ್ತು ಕಣಣ್ಣ," ಎಂದಳು ಶಾಂತಲಾ, ಹುಟ್ಟು ನಿಲ್ಲಿಸದೆ. "ಪಕ್ಕದ ಮನೆಯೋರಿಗೆ ಒಲೆ ಇರ್ನಿಲ್ವಾ?"