ದಸ್ತಗೀರ ಕಾಕಾನ ಬದು

ಒದ್ದೆ ಎರೆಮಣ್ಣು ಅಗೆದ ವಾಸನೆ ಬಂದರೆ ಈಗಲೂ ನನಗೆ ಉಗಾರದ ಕಬ್ಬಿನ ಹೊಲದ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನು ಊರಿನವರನ್ನೆಲ್ಲ ಅಣಕಿಸುತ್ತಿದ್ದ ಹುಡುಗ. ಅದಕ್ಕಾಗಿ ಹೊಡೆತ ತಿಂದರೆ, ಆಮೇಲೆ ನನ್ನ ಅಳುವನ್ನೂ ಅಣಕಿಸುತ್ತಿದ್ದೆ. ಆ ಭಾನುವಾರ ಚರ್ಚಿನಿಂದ ಬಂದವನೇ, ಊಟಕ್ಕೆ ಕೂತ ಅಪ್ಪನ ಮುಂದೆ ನಿಂತು ಪಾಸ್ಟರರ ಹಾಗೆ ಮೂಗಿನಲ್ಲಿ ರಾಗ ಎಳೆದೆ: "ಕಸಗೊಂಡಿದ್ದನ್ನ ತಿರುಗಿ ಕೊಡೂತನಾ ಪ್ರಭುವಿನ ರೊಟ್ಟಿ ಮುಟ್ಟಬ್ಯಾಡ್ರಿ!"

ಅವ್ವ ನಕ್ಕಳು. ಅಪ್ಪ ತಾಟು ಸರಿಸಿ ಎದ್ದು ಗುದ್ದಲಿ ಹಿಡಿದ.

ಪ್ರತಿ ಸಲ ಉಳುವಾಗಲೂ ಅಪ್ಪ ಪಕ್ಕದ ದಸ್ತಗೀರ ಕಾಕಾನ ಹೊಲದ ಬದುವನ್ನು ಒಂದು ಸಾಲಿನಷ್ಟು ಆಚೆಗೆ ತಳ್ಳಿದ್ದನಂತೆ. ಅಂದು ಕಾಕಾನನ್ನು ಕರೆದು, "ಅಣ್ಣಾ, ತಪ್ಪಾಗೇತ್ರಿ. ನಾನ ಸರಿಸೇನ್ರಿ," ಎಂದು ಹೇಳಿ, ಹಳೆಯ ಜಾಗದಲ್ಲೇ ಬದು ಹಾಕತೊಡಗಿದ.

ಕಾಕಾ ಬೈಯಲಿಲ್ಲ. ಮಣ್ಣಿನ ಹೆಂಟೆಯ ಮೇಲೆ ಕುಸಿದು ಕೂತ.

"ಹೊಲಾ ಕಡಿಮಿ ಬಂತಂತ ನಾ ನನ್ನ ತಮ್ಮಗ ಕಳ್ಳ ಅಂದೇನಿ. ಪಾಲು ಮಾಡೂವಾಗ ಅಂವ ಮೋಸ ಮಾಡ್ಯಾನ ಅಂತ ತಿಳದಿದ್ದೆ. ಅಂವ ಮಾತ ಬಿಟ್ಟು ಏಕಸಂಬಿಗೆ ಹ್ವಾದ. ಮಣ್ಣು ತಿರುಗಿ ಕೊಟ್ಟಿ, ಅದನ್ನ ಹ್ಯಾಂಗ ಕೊಡ್ತಿಯೋ?"

ಅಪ್ಪ ಗುದ್ದಲಿಯನ್ನು ಬದುವಿಗೆ ಒರಗಿಸಿಟ್ಟ. ಅವನ ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ನಡೀರಿ ಅಣ್ಣಾ, ಅಲ್ಲಿಗೂ ನಾನ ಬಂದು ಹೇಳತೇನಿ."

"ಅಂವ ಬಾಗಲಾ ತಗೀಲಿಲ್ಲಂದ್ರ?"

"ತಗಿಯೂತನಾ ಕಟ್ಟಿ ಮ್ಯಾಲ ಕುಂಡ್ರೂಣ್ರಿ."

ಕಾಕಾ ಮೊಣಕಾಲಿನ ಮೇಲೆ ಕೈಯೂರಿ, ಉಸ್ಸೆಂದು ಎದ್ದು, ತನ್ನ ಚಪ್ಪಲಿ ಹುಡುಕತೊಡಗಿದ.