ಪುಟ್ಟ ಪೋಸಮ್, ಮಣ್ಣಿನ ಬ್ಯಾಕ್ಟೀರಿಯಾ ಮತ್ತು ವಾರಿಜಾ

ಬಾಗಿಲಿಗೆ ಬೀಗವೇ ಇಲ್ಲದ ಮನೆಯಲ್ಲೂ ಜನ ಸಿಕ್ಕಿಹಾಕಿಕೊಳ್ಳುತ್ತಾರೆ... ಮಂಡ್ಯದ ವಾರಿಜಾಳನ್ನೇ ನೋಡಿ.

ಎದುರು ರಸ್ತೆಯ ಶಾಲೆಗೆ ಟೀಚರ್ ಬೇಕಾಗಿದ್ದರು. "ಇವತ್ತು ಐದರೊಳಗೆ ಬನ್ನಿ, ಇಲ್ಲಾಂದ್ರೆ ಬೇರೆಯವರನ್ನ ತಗೋತೀನಿ" ಎಂದು ಹೆಡ್‌ಮಿಸ್ ವಾರಿಜಾಳಿಗೆ ಹೇಳಿಬಿಟ್ಟಿದ್ದರು.

ಬಿ.ಎಡ್ ಮುಗಿಸಿ ಮದುವೆಯಾಗಿ ಬಂದವಳು ವಾರಿಜಾ. ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಆ ಶಾಲೆಯ ಬೆಲ್ ಸದ್ದನ್ನು ಅಡುಗೆಮನೆಯ ಕಿಟಕಿಯಿಂದಲೇ ಕೇಳುತ್ತಿದ್ದಳು.

ಮನೆಯಲ್ಲಿ ಯಾರೂ ಬೇಡ ಅಂದಿರಲಿಲ್ಲ. ಆದರೆ ಹೋಗು ಅಂತಲೂ ಅಂದಿರಲಿಲ್ಲವಲ್ಲ!

ಬೆಳಿಗ್ಗೆ ಗಂಡನ ಮುಂದೆ ಮೆಲ್ಲಗೆ, "ಎದುರು ಸ್ಕೂಲಲ್ಲಿ ಟೀಚರ್ ಬೇಕಂತೆ" ಅಂದಳು. ಪುಣ್ಯಾತ್ಮ "ಹೌದಾ?" ಅಂದು, ಕಾಫಿ ಕುಡಿದು ಆಫೀಸಿಗೆ ಹೋದ. ಅಷ್ಟೇ!

ನಾಲ್ಕೂವರೆ ಆಯಿತು... ವಾರಿಜಾ ಅತ್ತೆ ಪುಟ್ಟತಾಯಮ್ಮನ ಜೊತೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ಮಗಳು ಇಂಚರಾ ನಾಳೆಯ ಸೆಮಿನಾರನ್ನು ಇವರ ಮುಂದೆಯೇ ಪ್ರಾಕ್ಟೀಸ್ ಮಾಡುತ್ತಿದ್ದಳು.

"ಅಮ್ಮ, ಕೇಳು. ಪಿಗ್ಮಿ ಪೋಸಮ್ ಅಂತ... ಕಾಂಗರೂ ಥರ ಹೊಟ್ಟೆಚೀಲ ಇರೋ, ಇಲಿಯಷ್ಟಿರೋ ಪ್ರಾಣಿ. ಚಳಿಗಾಲದಲ್ಲಿ ಮುದುರಿ ಮಲಗುತ್ತೆ. ಆದ್ರೆ ಮಧ್ಯೆ ಮಧ್ಯೆ ತಾನೇ ಎದ್ದು ಮೈ ಬಿಸಿ ಮಾಡ್ಕೊಳುತ್ತೆ."

ಇಂಚರಾ ಮುಂದುವರಿಸಿದಳು: "ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾನೂ ಕಷ್ಟ ಬಂದ್ರೆ ಗಟ್ಟಿ ಚಿಪ್ಪು ಕಟ್ಕೊಂಡು ಮಲಗುತ್ತೆ. ಆದ್ರೆ ಅದು ತಾನಾಗಿ ಏಳಲ್ಲ. ಹೊರಗಿಂದ ನೀರು, ಆಹಾರ ಬಂದು ಎಬ್ಬಿಸ್ಬೇಕು."

"ಬರದೇ ಇದ್ರೆ?" ಕೇಳಿದಳು ವಾರಿಜಾ.

"ಹಂಗೇ ಬಿದ್ದಿರುತ್ತೆ ಕಣಮ್ಮ... ವರ್ಷಗಟ್ಟಲೆ."

ವಾರಿಜಾಳ ಕೈ ನಿಂತಿತು. ಅಯ್ಯೋ, ನಾನು ಬಿದ್ದಿರೋದೂ ಹೀಗೇ ಅಲ್ಲವಾ!

ಎದ್ದು ನಿಂತಳು. "ಅತ್ತೆ... ನಾನು ಎದುರು ಸ್ಕೂಲಿಗೆ ಕೆಲಸಕ್ಕೆ ಸೇರ್ತೀನಿ. ಈಗಲೇ ಹೋಗ್ಬೇಕು." ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದಳು.

ಪುಟ್ಟತಾಯಮ್ಮನ ಕಣ್ಣು ತುಂಬಿ ಬಂದಿತ್ತು.

"ನಂಗೂ ಹಾಡು ಕಲೀಬೇಕು ಅಂತ ಭಾಳ ಆಸೆ ಇತ್ತು ಕಣವ್ವಾ. ನಿಮ್ಮಾವ ಹೂಂ ಅನ್ಲಿ ಅಂತ ಕಾಯ್ತಾನೇ ಇದ್ದೆ. ಅವ್ರು ಹೋಗೇಬುಟ್ರು... ನಾನು ಅವ್ರನ್ನ ಒಂದ್ಸಲನೂ ಕೇಳ್ನೇ ಇಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

"ಕಾಳು ನಾನು ಹಿಸುಕ್ತೀನಿ. ಐದಾಯ್ತದೆ, ಮೊದ್ಲು ಓಡು!"

*ಒಪ್ಪಿಗೆ ಸಿಗಲಿಲ್ಲವೆಂದು ಕೊರಗುವ ಎಷ್ಟೋ ಜನ, ಅದನ್ನು ಬಾಯಿಬಿಟ್ಟು ಕೇಳಿಯೇ ಇರುವುದಿಲ್ಲ.*

ನೀವು ಯಾರ "ಹೂಂ"ಗಾಗಿ ಕಾಯುತ್ತಾ ಕೂತಿದ್ದೀರಿ... ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?